ಹಳೆಯ ಕಾಂಟೆಸ್ಸಾಕ್ಕೆ ಬೇರೆ ಎಂಜಿನ್ ಕೂಡಿಸುವುದು: ಮೊದಲ ಸಲ ಕೈಹಾಕುವವನಿಗೆ ಸಲಹೆ ಬೇಕಾಗಿದೆ

ವಡಗಾವಿ_ಕಾಂಟೆಸ್ಸಾ:

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯ ವಡಗಾವಿಯವನು. ಡಿಪ್ಲೊಮಾ ಮುಗಿಸಿ ಎರಡು ವರ್ಷಗಳಿಂದ ಒಂದು ಕಾರ್ಖಾನೆಯಲ್ಲಿ ಲೋಹ ಕೊರೆಯುವ, ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರ ನಡೆಸುತ್ತಿದ್ದೇನೆ. ನಮ್ಮ ಕಾಕಾ 1986ರಲ್ಲಿ ಕೊಂಡಿದ್ದ ಬಿಳಿ ಬಣ್ಣದ ಹಿಂದೂಸ್ತಾನ್ ಕಾಂಟೆಸ್ಸಾ ಕಾರು, ಅವರು ತೀರಿಕೊಂಡ ಮೇಲೆ ಒಂಬತ್ತು ವರ್ಷ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಿಂತಿತ್ತು. ಕಳೆದ ಯುಗಾದಿಯ ದಿನ ಕಾಕು ಅದರ ಕೀಲಿಯನ್ನು ನನ್ನ ಕೈಗೆ ಕೊಟ್ಟು, "ಗುಜರಿಗೆ ಹಾಕಬ್ಯಾಡಪ್ಪಾ, ಓಡಿಸು" ಎಂದರು. ಅಂದಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ.

ಕಾರಿನಲ್ಲಿರುವುದು 1.5 ಲೀಟರಿನ ಹಳೆಯ ಪೆಟ್ರೋಲ್ ಎಂಜಿನ್, ನಾಲ್ಕು ಗೇರು. ಪ್ಲಗ್ಗುಗಳನ್ನು ಬಿಚ್ಚಿ, ಸ್ವಲ್ಪ ಎಣ್ಣೆ ಬಿಟ್ಟು, ಮುಂದಿನ ಪುಲ್ಲಿಗೆ ಪಾನಾ ಹಾಕಿ ತಿರುಗಿಸಿದರೆ ತಿರುಗುತ್ತದೆ. ಸ್ಟಾರ್ಟ್ ಮಾಡುವ ಧೈರ್ಯವನ್ನು ಇನ್ನೂ ಮಾಡಿಲ್ಲ. ನೆಲದ ತಗಡು ಚಾಲಕನ ಕಾಲಿನ ಬಳಿ ತುಕ್ಕು ಹಿಡಿದಿದೆ. ಈ ಕಾರಿನ ಉದ್ದನೆಯ ಬಾನೆಟ್ಟನ್ನು ನೋಡಿದಾಗಲೆಲ್ಲ ಅಮೆರಿಕದ ದೊಡ್ಡ ಎಂಜಿನ್ನಿನ ಮಸಲ್ ಕಾರುಗಳೇ ನೆನಪಾಗುತ್ತವೆ. ಆದ್ದರಿಂದ ಎಂಜಿನ್ ಬದಲಿಸಿ ಅದಕ್ಕೆ ಒಪ್ಪುವ ಬಲವನ್ನು ಕೊಡಬೇಕೆಂಬ ಆಸೆ ಹುಟ್ಟಿದೆ. ಗೆಳೆಯನೊಬ್ಬ ಸ್ಕಾರ್ಪಿಯೊ ಡೀಸೆಲ್ ಎಂಜಿನ್ ಹಾಕು ಎನ್ನುತ್ತಾನೆ, ಇನ್ನೊಬ್ಬ ಹೊರದೇಶದ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ತರಿಸು ಎನ್ನುತ್ತಾನೆ.

ಯಾವ ಎಂಜಿನ್ ಹಾಕಬೇಕು, ಹಿಂದಿನ ಹೌಸಿಂಗ್ (ಹಿಂದಿನ ಗಾಲಿಗಳಿಗೆ ಬಲ ಮುಟ್ಟಿಸುವ ಹಲ್ಲುಗಾಲಿಗಳ ಪೆಟ್ಟಿಗೆ) ಅದನ್ನು ತಾಳುತ್ತದೆಯೇ, ಕೆಲಸವನ್ನು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ತಿಳಿದವರು ತಿಳಿಸಬೇಕೆಂದು ಕೋರುತ್ತೇನೆ. ಒಂದೇ ಸಲಕ್ಕೆ ದೊಡ್ಡ ಹಣ ಹಾಕುವ ಶಕ್ತಿ ನನಗಿಲ್ಲ. ತಿಂಗಳ ಸಂಬಳದಲ್ಲಿ ಉಳಿಸಿ ಮಾಡಬೇಕು.

ಉದ್ಯಮಬಾಗ_ಫಿಟ್ಟರ್:

ತಮ್ಮಾ, ಕಾಕಾನ ಗಾಡಿಯನ್ನು ಉಳಿಸಿಕೊಳ್ಳಲು ಹೊರಟಿದ್ದೀರಿ, ಬಹಳ ಸಂತೋಷವಾಯಿತು. ನಾನು ಉದ್ಯಮಬಾಗದಲ್ಲಿ ಇಪ್ಪತ್ತು ವರ್ಷಗಳಿಂದ ಫಿಟ್ಟರ್ ಕೆಲಸ ಮಾಡುತ್ತಿದ್ದೇನೆ. ನನ್ನ ಸ್ವಂತ ಅಂಬಾಸಡರ್ ಸೇರಿ ಮೂರು ಗಾಡಿಗಳಿಗೆ ಬೇರೆ ಎಂಜಿನ್ ಕೂಡಿಸಿದ್ದೇನೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಒಂದೇ ಮಾತಿನಲ್ಲಿದೆ: ಇನ್ನೊಂದು ಕಾಂಟೆಸ್ಸಾದ 1.8 ಲೀಟರಿನ ಇಸುಝು ಪೆಟ್ರೋಲ್ ಎಂಜಿನ್ನನ್ನು ಅದರ ಐದು ಗೇರಿನ ಗೇರ್‌ಬಾಕ್ಸ್ ಸಮೇತ ತಂದು ಹಾಕಿ. ಹೀಗೇಕೆ ಹೇಳುತ್ತೇನೆಂಬುದನ್ನು ಮಾತ್ರ ಸ್ವಲ್ಪ ವಿವರವಾಗಿ ಬರೆಯಬೇಕು.

ಅಮೆರಿಕದ ಮಸಲ್ ಕಾರು ಹುಟ್ಟಿದ ಬಗೆಯನ್ನೇ ನೋಡಿ. 1964ರ ಪಾಂಟಿಯಾಕ್ ಜಿಟಿಓ ಹೇಗೆ ಬಂತೆಂದರೆ, ಕಂಪನಿಯು ತನ್ನದೇ ದೊಡ್ಡ ಕಾರುಗಳಲ್ಲಿದ್ದ 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ ಎಂಜಿನ್ನನ್ನು ತನ್ನದೇ ಮಧ್ಯಮ ಗಾತ್ರದ ಕಾರಿಗೆ ಕೂಡಿಸಿತು. ಮನೆಯ ಎಂಜಿನ್ನು ಮನೆಯ ಗಾಡಿಗೇ ಹೋಯಿತು. ಆಮೇಲೆ ಅಲ್ಲಿನ ಹುಡುಗರು ತಮ್ಮ ಶೆಡ್ಡುಗಳಲ್ಲಿ ಈ ಕೆಲಸವನ್ನು ಸಲೀಸಾಗಿ ಮಾಡುವಂತಾದದ್ದಕ್ಕೂ ಇಂಥದ್ದೇ ಕಾರಣವಿದೆ. ಷೆವರ್ಲೆ ಕಂಪನಿ 1955ರಲ್ಲಿ ಹೊರತಂದ ಚಿಕ್ಕ ವಿ8 ಎಂಜಿನ್ನಿನ ಹಿಂಬದಿಗೆ ಗೇರ್‌ಬಾಕ್ಸ್ ಕೂಡುವ ಬೋಲ್ಟುಗಳ ಜೋಡಣೆಯನ್ನು ದಶಕಗಳ ಕಾಲ ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡಿತು. 1997ರಲ್ಲಿ ಕಾರ್ವೆಟ್ ಕಾರಿಗೆ ಬಂದ 5.7 ಲೀಟರಿನ ಎಲ್‌ಎಸ್1 ಎಂಜಿನ್ನಿನಲ್ಲಿಯೂ ಅದರ ಬಹುಪಾಲು ಹಾಗೆಯೇ ಇದೆ. ಅಲ್ಲಿಯವನು ಫೌಂಡೇಶನ್ (ಎಂಜಿನ್ ಕೂರುವ ರಬ್ಬರ್ ಆಧಾರ) ಬ್ರಾಕೆಟ್ಟು, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗು, ಎಂಜಿನ್ನಿನ ತಳದ ಎಣ್ಣೆಯ ಚೇಂಬರು ಎಲ್ಲವನ್ನೂ ಅಂಗಡಿಯಿಂದ ಸಿದ್ಧವಾಗಿ ತರುತ್ತಾನೆ. ನೀವು ವಿಡಿಯೊದಲ್ಲಿ ನೋಡುವ ಎರಡು ದಿನದ ಕೆಲಸದ ಹಿಂದೆ ಆ ಅಂಗಡಿ ಇದೆ. ಅದೇ ವಿ8 ಬೆಳಗಾವಿಗೆ ಬಂದರೆ ಅದರ ಒಂದೊಂದು ಬ್ರಾಕೆಟ್ಟನ್ನೂ ನೀವೇ ಕತ್ತರಿಸಿ ಮಾಡಬೇಕಾಗುತ್ತದೆ.

ನಮ್ಮಲ್ಲಿ ಅಂಥ ಅನುಕೂಲ ಇರುವುದು ಇಸುಝು ಎಂಜಿನ್ನಿನಲ್ಲಿ. ಕಾಂಟೆಸ್ಸಾ 1984ರಲ್ಲಿ ಬಂದಾಗ ಅದರಲ್ಲಿದ್ದದ್ದು ಅಂಬಾಸಡರ್ ವಂಶದ 1.5 ಲೀಟರಿನ ಎಂಜಿನ್. ಅದರ ಬಲ ಸುಮಾರು 50 ಅಶ್ವಶಕ್ತಿ, ಅಷ್ಟು ಭಾರದ ಮೈಗೆ ಅದು ಸಾಲಲಿಲ್ಲ. ಬಳಿಕ ಕಂಪನಿಯೇ 1817 ಸಿಸಿಯ ಇಸುಝು ಎಂಜಿನ್ನನ್ನೂ ಐದು ಗೇರನ್ನೂ ಕೊಟ್ಟಾಗ ಬಲ ಸುಮಾರು 88ಕ್ಕೆ ಏರಿತು. ಜಿಟಿಓದಲ್ಲಿ ಆದದ್ದೇ ನಮ್ಮ ಅಳತೆಯಲ್ಲಿ ಇಲ್ಲಿ ಆಗಿದೆ. ದಾನಿ ಕಾರು, ಅಂದರೆ ಭಾಗಗಳನ್ನು ತೆಗೆದುಕೊಳ್ಳಲೆಂದೇ ಕೊಳ್ಳುವ ಕಾರು ಸಿಕ್ಕರೆ ಫೌಂಡೇಶನ್, ಕ್ರಾಸ್ ಮೆಂಬರ್, ರೇಡಿಯೇಟರ್, ಗೇರ್‌ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್, ಕ್ಲಚ್ಚಿನ ಜೋಡಣೆ, ಗೇರ್ ಲಿವರ್ ಬರುವ ಜಾಗ, ಸೈಲೆನ್ಸರ್ ಪೈಪು ಎಲ್ಲದಕ್ಕೂ ಕಂಪನಿಯ ಉತ್ತರವೇ ನಿಮ್ಮ ಕಣ್ಣ ಮುಂದೆ ಇರುತ್ತದೆ. ಆದ್ದರಿಂದ ಎಂಜಿನ್ ಒಂದನ್ನೇ ಕೊಳ್ಳಬೇಡಿ. ತುಕ್ಕು ಹಿಡಿದಿದ್ದರೂ ಚಿಂತೆಯಿಲ್ಲ, ಇಡೀ ಕಾರನ್ನು ಕೊಳ್ಳಿ, ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ, ಬಿಚ್ಚುವ ಮೊದಲು ಎಲ್ಲವನ್ನೂ ಅಳೆದು ಬರೆದಿಟ್ಟುಕೊಳ್ಳಿ. ಒಂದು ಚಿಕ್ಕ ಬ್ರಾಕೆಟ್ಟು ಕೈತಪ್ಪಿದರೆ ಅದನ್ನು ಹುಡುಕುವುದರಲ್ಲಿ ಮೂರು ಭಾನುವಾರ ಹೋಗುತ್ತವೆ.

ಮುಂದೆ ದೊಡ್ಡ ಎಂಜಿನ್ ಬೇಕೆನಿಸಿದರೂ ಜಾಗಕ್ಕೇನೂ ಕೊರತೆಯಿಲ್ಲ. ನಿಮ್ಮ ಕಾರಿನ ಮೈ ಮೂಲತಃ ಇಂಗ್ಲೆಂಡಿನಲ್ಲಿ 1972ರಲ್ಲಿ ಬಂದ ವಾಕ್ಸ್‌ಹಾಲ್ ವಿಕ್ಟರ್ ಎಫ್ಇ ಕಾರಿನದು. ಅಲ್ಲಿ ಅದೇ ಮೈಯಲ್ಲಿ ವೆಂಟೋರಾ ಎಂಬ ಹೆಸರಿನಿಂದ ಆರು ಸಿಲಿಂಡರಿನ 3.3 ಲೀಟರ್ ಎಂಜಿನ್ ಓಡಾಡಿದೆ. ನಿಮ್ಮ ಕಣ್ಣಿಗೆ ಆ ಬಾನೆಟ್ಟು ದೊಡ್ಡ ಎಂಜಿನ್ನಿನ ಬಾನೆಟ್ಟಿನಂತೆ ಕಂಡದ್ದು ತಪ್ಪಲ್ಲ. ಆದರೆ ಜಾಗ ಇರುವುದು ಬೇರೆ, ಬ್ರೇಕು ಮತ್ತು ಹೌಸಿಂಗು ತಾಳುವುದು ಬೇರೆ. 50 ಅಶ್ವಶಕ್ತಿಗೆಂದು ಮಾಡಿದ ಕ್ರೌನ್-ಪಿನಿಯನ್ನಿಗೆ, ಅಂದರೆ ಹೌಸಿಂಗಿನೊಳಗಿನ ಹಲ್ಲುಗಾಲಿಗಳ ಜೋಡಿಗೆ, ಸ್ಕಾರ್ಪಿಯೊ ಡೀಸೆಲ್ಲಿನ ತಿರುಚುಬಲ ಕೊಟ್ಟರೆ ಹಲ್ಲು ಉಳಿಯುವ ಭರವಸೆಯನ್ನು ನಾನು ಕೊಡಲಾರೆ; ಅದರ ಮೇಲೆ ಡೀಸೆಲ್ಲಿನ ಭಾರವೆಲ್ಲ ಮುಂದಿನ ಗಾಲಿಗಳ ಮೇಲೆ ಬಂದು ಕೂರುತ್ತದೆ, ಸ್ಪ್ರಿಂಗು ಕುಸಿಯುತ್ತದೆ, ತಿರುವಿನಲ್ಲಿ ಗಾಡಿ ಹೇಳಿದಂತೆ ಕೇಳುವುದಿಲ್ಲ.

ಈಗ ನನ್ನ ತಪ್ಪನ್ನೇ ಹೇಳುತ್ತೇನೆ. ಅಂಬಾಸಡರಿಗೆ ಬೇರೊಂದು ಕಂಪನಿಯ ಎಂಜಿನ್ ಕೂಡಿಸುವಾಗ ಎಂಜಿನ್ನಿಗೂ ಹಳೆಯ ಗೇರ್‌ಬಾಕ್ಸಿಗೂ ನಡುವೆ ಒಂದು ಅಡಾಪ್ಟರ್ ಪ್ಲೇಟು ಬೇಕಾಯಿತು. ಅವಸರದಲ್ಲಿ ಒಂದು ಗ್ಯಾರೇಜಿನವರಿಗೆ ಕೊಟ್ಟೆ. ಅವರು ರಟ್ಟಿನ ಮೇಲೆ ತೂತುಗಳ ಗುರುತು ತೆಗೆದು, ಕೈ ಡ್ರಿಲ್ಲಿನಿಂದ ಕೊರೆದು ಕೊಟ್ಟರು. ಬೋಲ್ಟುಗಳು ಕೂತವು, ಗಾಡಿಯೂ ಓಡಿತು. ಎರಡು ತಿಂಗಳಾದ ಮೇಲೆ ಕ್ಲಚ್ ಬಿಡುವಾಗ ನಡುಕ ಶುರುವಾಯಿತು, ಗೇರ್‌ಬಾಕ್ಸಿನ ಮುಂದಿನ ಬೇರಿಂಗು ಕೂಗತೊಡಗಿತು. ಬಿಚ್ಚಿ, ಫ್ಲೈವೀಲಿಗೆ ಡಯಲ್ ಗೇಜನ್ನು (ಕೂದಲೆಳೆಯ ಅಂತರವನ್ನೂ ಮುಳ್ಳಿನಿಂದ ತೋರಿಸುವ ಅಳತೆ ಸಾಧನ) ಅಯಸ್ಕಾಂತದಿಂದ ನಿಲ್ಲಿಸಿ, ಅದರ ತುದಿಯನ್ನು ಬೆಲ್ ಹೌಸಿಂಗಿನ ನಡುವಿನ ತೂತಿನ ಒಳಅಂಚಿಗೆ ತಾಗಿಸಿ ಕ್ರ್ಯಾಂಕನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದೆ. ಮುಳ್ಳು 0.6 ಮಿಲಿಮೀಟರ್ ಓಡಿತು. ಅಲ್ಲಿ 0.13 ಮಿಲಿಮೀಟರಿಗಿಂತ ಹೆಚ್ಚು ಇರಬಾರದು. ಎಂಜಿನ್ನಿನ ನಡುಗೆರೆಯೂ ಗೇರ್‌ಬಾಕ್ಸಿನ ನಡುಗೆರೆಯೂ ಒಂದೇ ಆಗಿರಲಿಲ್ಲ, ಪ್ರತಿ ಸುತ್ತಿಗೂ ಗೇರ್‌ಬಾಕ್ಸಿಗೆ ಬಲ ಒಯ್ಯುವ ಇನ್‌ಪುಟ್ ಶಾಫ್ಟು ಬಾಗುತ್ತಿತ್ತು. ಬೇರಿಂಗು, ಕ್ಲಚ್ ಪ್ಲೇಟು, ಇನ್‌ಪುಟ್ ಶಾಫ್ಟು ಮೂರನ್ನೂ ಹೊಸದಾಗಿ ಹಾಕಬೇಕಾಯಿತು. ಮುಂದೆ ನಿಮಗೆ ಅಡಾಪ್ಟರ್ ಬೇಕಾದರೆ ನಮ್ಮ ಉದ್ಯಮಬಾಗ, ಮಚ್ಚೆಯ ಕಡೆ ಕರಾರುವಾಕ್ಕಾಗಿ ತೂತು ಕೊರೆಯುವ ವಿಎಂಸಿ (ಒಂದು ಬಗೆಯ ಸಿಎನ್‌ಸಿ) ಯಂತ್ರಗಳಿಗೆ ಕೊರತೆಯಿಲ್ಲ, ನೀವೂ ಅದೇ ಕೆಲಸದವರು. ಎರಡು ಭಾಗಗಳನ್ನು ಒಂದೇ ನಡುಗೆರೆಯಲ್ಲಿ ಹಿಡಿದಿಡುವ ಡೋವೆಲ್ ಪಿನ್ನುಗಳ ತೂತನ್ನು ಯಂತ್ರದಲ್ಲಿಯೇ ಕೊರೆಸಿ, ಡಯಲ್ ಗೇಜ್ ಇಡದೆ ಗೇರ್‌ಬಾಕ್ಸ್ ಕೂಡಿಸಬೇಡಿ.

ಎಲ್ಲಿಂದ ಆರಂಭಿಸಬೇಕೆಂದು ಕೇಳಿದ್ದೀರಿ. ಬ್ರೇಕಿನಿಂದ ಆರಂಭಿಸಿ. ಒಂಬತ್ತು ವರ್ಷ ನಿಂತ ಗಾಡಿಯ ವೀಲ್ ಸಿಲಿಂಡರುಗಳು ಜಾಮ್ ಆಗಿರುತ್ತವೆ, ರಬ್ಬರ್ ಹೋಸುಗಳು ಒಳಗೇ ಉಬ್ಬಿರುತ್ತವೆ. ನಂತರ ನೆಲದ ತಗಡು. ಅದಾದ ಮೇಲೆ ಈಗಿರುವ 1.5 ಎಂಜಿನ್ನನ್ನೇ ಸ್ಟಾರ್ಟ್ ಮಾಡಿ, ಅಂಗಳದಲ್ಲಿಯಾದರೂ ಸರಿ, ಗಾಡಿ ತನ್ನ ಕಾಲ ಮೇಲೆ ಓಡಿ ತಾನೇ ನಿಲ್ಲುವಂತೆ ಮಾಡಿ. ಗಾಡಿಯ ಉಳಿದ ರೋಗಗಳೆಲ್ಲ ಆಗಲೇ ಗೊತ್ತಾಗುತ್ತವೆ. ಎಂಜಿನ್ ಕೆಳಗಿಳಿಸಿ, ಬಣ್ಣ ಕೆರೆದು, ಸೀಟು ಬಿಚ್ಚಿ ಒಮ್ಮೆಲೇ ಎಲ್ಲವನ್ನೂ ಹರಡಿಕೊಂಡವರ ಗಾಡಿಗಳು ಹಾಗೆಯೇ ಗುಜರಿಗೆ ಹೋದದ್ದನ್ನು ನಾನು ಕಂಡಿದ್ದೇನೆ. ಹಣವನ್ನೂ ಹೀಗೆಯೇ ಹಂಚಿಕೊಳ್ಳಿ: ಎಂಜಿನ್ ಕೂತ ದಿನ ನಿಮ್ಮ ಕೈಯಲ್ಲಿ ಒಟ್ಟು ಹಣದ ಮೂರನೇ ಒಂದು ಭಾಗ ಉಳಿದಿರಬೇಕು, ಏಕೆಂದರೆ ಹೋಸು, ಬೆಲ್ಟು, ಕೇಬಲ್ಲು, ಸೈಲೆನ್ಸರ್, ಗ್ಯಾಸ್ಕೆಟ್ಟುಗಳ ಖರ್ಚು ಆಮೇಲೆಯೇ ಬರುತ್ತದೆ.

ವಡಗಾವಿ_ಕಾಂಟೆಸ್ಸಾ:

ಅಣ್ಣಾ, ಇಷ್ಟು ಬಿಡಿಸಿ ಬರೆದದ್ದಕ್ಕೆ ಮನಸಾರೆ ಧನ್ಯವಾದಗಳು. ವಿ8 ಆಸೆಯನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಎರಡು ಸಂಶಯಗಳಿವೆ. ದಾನಿ ಕಾರಿನ ಹಿಂದಿನ ಹೌಸಿಂಗನ್ನೂ ತೆಗೆದುಕೊಳ್ಳಬೇಕೆ, ಇಲ್ಲವೆ ನನ್ನದೇ ಸಾಕೆ? ಎರಡನೆಯದು, ಆರ್‌ಸಿ ಇನ್ನೂ ಕಾಕಾನ ಹೆಸರಿನಲ್ಲಿದೆ, ನವೀಕರಣವೂ ಆಗಿಲ್ಲ. ಎಂಜಿನ್ ಬದಲಿಸಿದರೆ ಕಾನೂನಿನ ತೊಂದರೆ ಬರುತ್ತದೆಯೇ?

ಉದ್ಯಮಬಾಗ_ಫಿಟ್ಟರ್:

ಹೌಸಿಂಗಿನ ವಿಷಯವನ್ನು ಅಳೆದೇ ತೀರ್ಮಾನಿಸಬೇಕು, ಅದಕ್ಕೆ ಏನನ್ನೂ ಬಿಚ್ಚಬೇಕಾಗಿಲ್ಲ. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದಿನ ಎರಡೂ ಗಾಲಿಗಳನ್ನು ಜ್ಯಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಗೇರನ್ನು ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಬಿಡಿ. ಟೈರಿನ ಮೇಲೊಂದು, ಪ್ರೊಪೆಲ್ಲರ್ ಶಾಫ್ಟಿನ ಮೇಲೊಂದು ಸೀಮೆಸುಣ್ಣದ ಗೆರೆ ಹಾಕಿ. ಒಂದು ಕಡೆಯ ಗಾಲಿಯನ್ನು ಯಾರಾದರೂ ಅಲುಗದಂತೆ ಹಿಡಿದಿರಲಿ. ನೀವು ಇನ್ನೊಂದು ಗಾಲಿಯನ್ನು ಸರಿಯಾಗಿ ಎರಡು ಸುತ್ತು ತಿರುಗಿಸುವಷ್ಟರಲ್ಲಿ ಶಾಫ್ಟಿನ ಗೆರೆ ಎಷ್ಟು ಸುತ್ತು ಬಂತೆಂದು ಎಣಿಸಿದರೆ ಅದೇ ನಿಮ್ಮ ಹೌಸಿಂಗಿನ ಅನುಪಾತ. ದಾನಿ ಕಾರಿನಲ್ಲಿಯೂ ಇದನ್ನೇ ಮಾಡಿ.

ಈ ಸಂಖ್ಯೆ ಏಕೆ ಬೇಕೆಂದರೆ, ಹೆದ್ದಾರಿಯಲ್ಲಿ ಎಂಜಿನ್ ಎಷ್ಟು ತಿರುಗುತ್ತದೆಂಬುದು ಇದರಿಂದಲೇ ತಿಳಿಯುತ್ತದೆ. ಲೆಕ್ಕಕ್ಕೆಂದು ಟೈರಿನ ಸುತ್ತಳತೆ 1.9 ಮೀಟರ್, ಅನುಪಾತ 3.9 ಎಂದು ಹಿಡಿಯೋಣ. ಗಂಟೆಗೆ 90 ಕಿಲೋಮೀಟರ್ ಎಂದರೆ ನಿಮಿಷಕ್ಕೆ 1500 ಮೀಟರ್. ಗಾಲಿ ನಿಮಿಷಕ್ಕೆ ಸುಮಾರು 790 ಸುತ್ತು, ಶಾಫ್ಟು ಸುಮಾರು 3080 ಸುತ್ತು. ನಾಲ್ಕನೇ ಗೇರು ನೇರವಾದದ್ದು, ಆದ್ದರಿಂದ ಎಂಜಿನ್ನೂ ಅಷ್ಟೇ ತಿರುಗುತ್ತದೆ. ಐದನೇ ಗೇರಿನ ಅನುಪಾತ 0.85 ಇದ್ದರೆ ಅದು 2620ರ ಹತ್ತಿರ ಇಳಿಯುತ್ತದೆ. ಕೊಲ್ಲಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಈ ವ್ಯತ್ಯಾಸ ನಿಮ್ಮ ಕಿವಿಗೂ ಗೊತ್ತಾಗುತ್ತದೆ, ಪೆಟ್ರೋಲಿನಲ್ಲಿಯೂ ಗೊತ್ತಾಗುತ್ತದೆ. ಎರಡು ಹೌಸಿಂಗುಗಳಲ್ಲಿ ಬೇರೆ ಬೇರೆ ಅನುಪಾತ ಬಂದರೆ ಎಂಜಿನ್ನಿನ ಜೊತೆ ಬಂದದ್ದನ್ನೇ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಎಂಜಿನ್ ಕೂಡಿಸುವಾಗ ಗೇರ್‌ಬಾಕ್ಸಿನ ಹಿಂದಿನ ತುದಿ ಇಳಿದಿರುವ ಕೋನವೂ ಹೌಸಿಂಗಿನ ಮೂತಿ ಎದ್ದಿರುವ ಕೋನವೂ ಸರಿಸಮವಾಗಿರಬೇಕು. ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತಿರುವಾಗಲೇ ಇದನ್ನು ಅಳೆಯಬೇಕು, ಜ್ಯಾಕಿನ ಮೇಲಿದ್ದಾಗ ಅಳೆದದ್ದು ಲೆಕ್ಕಕ್ಕಿಲ್ಲ. ಇವೆರಡು ಹೊಂದದಿದ್ದರೆ ಶಾಫ್ಟನ್ನು ಎಷ್ಟೇ ಬ್ಯಾಲೆನ್ಸ್ ಮಾಡಿಸಿದರೂ ಒಂದು ವೇಗದಲ್ಲಿ ನೆಲವೆಲ್ಲ ಗುಂಯ್ಗುಡುತ್ತದೆ.

ಜಮಖಂಡಿ_ಹಳೆಗಾಡಿ:

ಕಾಗದಪತ್ರಗಳ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನನ್ನ ತಂದೆಯವರ ಫಿಯೆಟ್ಟಿನ ವಿಷಯದಲ್ಲಿ ಈ ದಾರಿಯನ್ನೆಲ್ಲ ನಡೆದಿದ್ದೇನೆ.

ಮೊದಲು ಗಾಡಿ ನಿಮ್ಮ ಮನೆಯವರ ಹೆಸರಿಗೆ ಬರಬೇಕು. ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ವರ್ಗಾಯಿಸಲು 31ನೇ ನಮೂನೆಯ ಅರ್ಜಿ ಇದೆ. ಮರಣ ಪ್ರಮಾಣಪತ್ರದೊಂದಿಗೆ ಕಾಕು ಅವರ ಸಹಿ ಬೇಕಾಗುತ್ತದೆ. ಇದಕ್ಕೆ ಕೊಟ್ಟ ಮೂರು ತಿಂಗಳ ಅವಧಿ ಎಂದೋ ಮುಗಿದಿರುವುದರಿಂದ ವಿಳಂಬದ ದಂಡಕ್ಕೆ ಸಿದ್ಧರಾಗಿರಿ. ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ 25ನೇ ನಮೂನೆಯಲ್ಲಿ ನವೀಕರಿಸಬೇಕು, ಅದಕ್ಕೆ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. ಫಿಟ್ಟರ್ ಅಣ್ಣನವರು ಹಳೆಯ ಎಂಜಿನ್ನಿನಲ್ಲಿಯೇ ಗಾಡಿಯನ್ನು ಮೊದಲು ಓಡುವಂತೆ ಮಾಡಿ ಎಂದದ್ದು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ: ಆರ್‌ಸಿಯಲ್ಲಿ ಬರೆದಿರುವ ಎಂಜಿನ್ ಸಂಖ್ಯೆಯೇ ಗಾಡಿಯಲ್ಲಿ ಇರುವಾಗ ನವೀಕರಣ ಮಾಡಿಸಿಕೊಳ್ಳಿ.

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಯಾರೂ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಕೊಟ್ಟ ತೀರ್ಪಿನಲ್ಲಿ ಇದನ್ನು ಗಟ್ಟಿಯಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡನ್ನೂ ವಿಧಿಸಲು ಅವಕಾಶ ಮಾಡಿದೆ. ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ವಿಮೆಯ ಮಾತು. ದಾಖಲೆಗೆ ಹೊಂದದ ಎಂಜಿನ್ ಇರುವ ಗಾಡಿಯಿಂದ ದಾರಿಯಲ್ಲಿ ಯಾರಿಗಾದರೂ ಪೆಟ್ಟಾದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ, ಆ ಭಾರ ನಿಮ್ಮ ಮನೆಯ ಮೇಲೆ ಬೀಳುತ್ತದೆ.

ಆದ್ದರಿಂದ ದಾನಿ ಕಾರನ್ನು ಕೊಳ್ಳುವ ಮೊದಲೇ ನಿಮ್ಮ ಆರ್‌ಟಿಓ ಕಚೇರಿಗೆ ಹೋಗಿ. ಒಂದೇ ತಯಾರಕರು ಅದೇ ಮಾದರಿಗೆ ಕೊಟ್ಟ ಎಂಜಿನ್ ಎಂಬುದನ್ನು ವಿವರಿಸಿ, ಲಿಖಿತ ಅರ್ಜಿ ಕೊಟ್ಟು, ಲಿಖಿತ ಉತ್ತರವನ್ನೇ ಪಡೆಯಿರಿ. ಸಿಸಿ ಬದಲಾಗುವುದರಿಂದ ಅನುಮತಿ ಸಿಕ್ಕೇ ಸಿಗುತ್ತದೆಂದು ಎಣಿಸಿ ಮುಂಗಡ ಕೊಟ್ಟುಬಿಡಬೇಡಿ. ಅನುಮತಿ ಸಿಕ್ಕು ಎಂಜಿನ್ ಬದಲಿಸಿದ ಮೇಲೆ 14 ದಿನಗಳೊಳಗೆ ಆರ್‌ಸಿಯೊಂದಿಗೆ ವರದಿ ಮಾಡಿ ಹೊಸ ಸಂಖ್ಯೆಯನ್ನು ನಮೂದಿಸಿಕೊಳ್ಳಬೇಕು. ದಾನಿ ಕಾರಿನ ಆರ್‌ಸಿ, ಮಾರಾಟದ ರಸೀದಿ, ಎಂಜಿನ್ ಸಂಖ್ಯೆಯ ಫೋಟೊ ಮೂರೂ ಇಲ್ಲದಿದ್ದರೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಬಿಟ್ಟುಬಿಡಿ. ಕದ್ದ ಗಾಡಿಯ ಎಂಜಿನ್ ನಿಮ್ಮ ಶೆಡ್ಡಿಗೆ ಬರಬಾರದು.

ಗೋಕಾಕ_ವಾಯರಿಂಗ್:

ಇಸುಝು ಎಂಜಿನ್ನಿಗೆ ಕಾರ್ಬುರೇಟರ್ ಇರುವುದರಿಂದ ವಾಯರಿಂಗ್ ಸರಳವಾಗಿರುತ್ತದೆ, ಮೊದಲ ಸಲ ಮಾಡುವವರಿಗೆ ಅದೂ ಒಂದು ದೊಡ್ಡ ಅನುಕೂಲ. ಆದರೂ ಎಂಜಿನ್ನಿನಿಂದ ಮೈಗೆ, ಮೈಯಿಂದ ಬ್ಯಾಟರಿಗೆ ಹೊಸ ಅರ್ಥ್ ಪಟ್ಟಿಗಳನ್ನು ಬಣ್ಣ ಕೆರೆದ ಲೋಹದ ಮೇಲೆಯೇ ಬಿಗಿಯಿರಿ. ನನ್ನಲ್ಲಿಗೆ "ಸ್ಟಾರ್ಟರ್ ಎಳೆಯುತ್ತಿಲ್ಲ" ಎಂದು ಬರುವ ಹಳೆಯ ಗಾಡಿಗಳಲ್ಲಿ ಬಹಳಷ್ಟರ ದೋಷ ಇರುವುದು ಆ ಪಟ್ಟಿಯಲ್ಲಿಯೇ.

ಮುಂದೊಂದು ದಿನ ಇನ್ನೋವಾದ 2 ಲೀಟರಿನ ಪೆಟ್ರೋಲ್ ಎಂಜಿನ್ನಿನಂಥ ಇಂಜೆಕ್ಷನ್ ಎಂಜಿನ್ ಹಾಕುವ ಯೋಚನೆ ಬಂದರೆ ಆಗ ಇಸಿಯು (ಎಂಜಿನ್ನನ್ನು ನಡೆಸುವ ಚಿಕ್ಕ ಕಂಪ್ಯೂಟರ್), ಅದರ ಕೀಲಿ, ಪೂರ್ತಿ ವಾಯರಿಂಗ್, ಎಕ್ಸಿಲರೇಟರ್ ಪೆಡಲ್ ಎಲ್ಲವನ್ನೂ ಒಂದೇ ಗಾಡಿಯಿಂದ, ಒಂದು ತಂತಿಯನ್ನೂ ಕತ್ತರಿಸದೆ ತೆಗೆದುಕೊಳ್ಳಬೇಕು. ಪೆಟ್ರೋಲ್ ಪೈಪಿನ ಮಾತನ್ನೂ ಮರೆಯಬೇಡಿ. ಕಾರ್ಬುರೇಟರಿಗೆ 0.3 ಬಾರ್ ಒತ್ತಡ ಸಾಕು, ಇಂಜೆಕ್ಷನ್ನಿಗೆ ಸುಮಾರು 3 ಬಾರ್ ಬೇಕು. ಹಳೆಯ ರಬ್ಬರ್ ಪೈಪನ್ನೇ ಉಳಿಸಿಕೊಂಡರೆ ಅದು ಬಿಸಿ ಸೈಲೆನ್ಸರಿನ ಪಕ್ಕದಲ್ಲಿಯೇ ಒಡೆದು ಬೆಂಕಿ ಹತ್ತಬಹುದು. ಗಾಡಿಯಲ್ಲಿ ಒಂದು ಅಗ್ನಿಶಾಮಕವನ್ನು ಈಗಿನಿಂದಲೇ ಇಟ್ಟುಕೊಳ್ಳಿ.

ವಡಗಾವಿ_ಕಾಂಟೆಸ್ಸಾ:

ಎಲ್ಲರಿಗೂ ಮತ್ತೊಮ್ಮೆ ವಂದನೆಗಳು. ನಿನ್ನೆ ಕಾಕು ಅವರೊಂದಿಗೆ ಕುಳಿತು ಅರ್ಜಿ ತುಂಬಿದೆವು. ಆರ್‌ಟಿಓದಿಂದ ಉತ್ತರ ಬರುವವರೆಗೆ ಬ್ರೇಕಿನ ಕೆಲಸ ಮಾಡುತ್ತೇನೆ. ಈ ನಡುವೆ ನಿಪ್ಪಾಣಿಯ ಬಳಿ ಇಸುಝು ಎಂಜಿನ್ನಿನ ಒಂದು ಕಾಂಟೆಸ್ಸಾ ಕ್ಲಾಸಿಕ್ ಇರುವ ಸುದ್ದಿ ಬಂದಿದೆ, ಕಾಗದಗಳೂ ಇವೆಯಂತೆ, ಎಂಜಿನ್ ಸ್ಟಾರ್ಟ್ ಆಗುತ್ತದಂತೆ. ಹಣ ಕೊಡದೆ, ಸುಮ್ಮನೆ ನೋಡಿ ಬರಲು ಹೋದರೆ ಎಂಜಿನ್ ಚೆನ್ನಾಗಿದೆಯೆಂದು ಹೇಗೆ ತಿಳಿಯಬೇಕು?

ಉದ್ಯಮಬಾಗ_ಫಿಟ್ಟರ್:

ಮಾಲೀಕರಿಗೆ ಮೊದಲೇ ಫೋನ್ ಮಾಡಿ, ನೀವು ಹೋಗುವ ಮುನ್ನ ಎಂಜಿನ್ ಸ್ಟಾರ್ಟ್ ಮಾಡಬಾರದೆಂದು ವಿನಂತಿಸಿಕೊಳ್ಳಿ. ತಣ್ಣಗಿರುವ ಎಂಜಿನ್ನಿನ ಮೊದಲ ಅರ್ಧ ನಿಮಿಷದಲ್ಲಿಯೇ ಬಹಳ ಸಂಗತಿ ತಿಳಿಯುತ್ತದೆ. ಎಣ್ಣೆ ಹಾಕುವ ಮುಚ್ಚಳ ತೆಗೆದು ಒಳಬದಿಯನ್ನು ಬೆರಳಿನಿಂದ ಒರಸಿ. ಹಾಲಿನ ಕೆನೆಯಂಥದ್ದು ಅಂಟಿದರೆ ನೀರು ಎಣ್ಣೆಗೆ ಸೇರಿರುವ ಸಾಧ್ಯತೆ ಇದೆ. ಸ್ಟಾರ್ಟ್ ಆದೊಡನೆ ಒಮ್ಮೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲು, ಓಡುತ್ತಿರುವಷ್ಟು ಹೊತ್ತೂ ಬಂದರೆ ಪಿಸ್ಟನ್ ರಿಂಗು.

ಎಂಜಿನ್ ಬಿಸಿಯಾದ ಮೇಲೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಚ್ಚಿ. ಗೇಜನ್ನು ನನ್ನಿಂದಲೇ ಒಯ್ಯಿರಿ, ಭಾನುವಾರ ಮನೆಯಲ್ಲಿಯೇ ಇರುತ್ತೇನೆ. ನಾಲ್ಕೂ ಪ್ಲಗ್ಗು ಬಿಚ್ಚಿ, ಕಾಯಿಲ್ಲಿನ ತಂತಿ ತೆಗೆದು, ಒಬ್ಬರು ಎಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದಿರುವಾಗ ಐದಾರು ಸುತ್ತು ಸ್ಟಾರ್ಟರ್ ತಿರುಗಿಸಿ. ಈ ಕಾಲದ ಪೆಟ್ರೋಲ್ ಎಂಜಿನ್ನಿಗೆ 9ರಿಂದ 12 ಬಾರ್ ಬಂದರೆ ಒಳ್ಳೆಯದು, ಆದರೆ ನಾಲ್ಕೂ ಸಿಲಿಂಡರುಗಳ ನಡುವೆ ಶೇಕಡ 10ಕ್ಕಿಂತ ಹೆಚ್ಚು ಅಂತರ ಇರಬಾರದು ಎಂಬುದನ್ನೇ ನಾನು ಮುಖ್ಯವಾಗಿ ನೋಡುತ್ತೇನೆ. ಯಾವುದಾದರೂ ಸಿಲಿಂಡರು ಕಡಿಮೆ ತೋರಿಸಿದರೆ ಅದರೊಳಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವು ಕೂರುತ್ತಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಕಡಿಮೆ ಇದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ ಎಂದು ತಿಳಿಯಿರಿ. ಅದಕ್ಕಾಗಿ ಗಾಡಿಯನ್ನು ಬಿಡಬೇಕಾಗಿಲ್ಲ, ಬೆಲೆಯಲ್ಲಿ ಕಡಿಮೆ ಮಾಡಿಸಿಕೊಳ್ಳಿ.

ನಾಲ್ಕು ಸಂಖ್ಯೆಗಳನ್ನೂ ಬರೆದು ಇಲ್ಲಿ ಹಾಕಿ. ಬರುವಾಗ ಆ ಕಾರಿನ ಹಿಂದಿನ ಗಾಲಿಗಳನ್ನು ಎತ್ತಿ ಸೀಮೆಸುಣ್ಣದ ಲೆಕ್ಕವನ್ನೂ ಮಾಡಿಕೊಂಡು ಬನ್ನಿ.